ಅರ್ಧ ತಾಸಿನಲ್ಲಿ ಹೋದ ಲಕ್ವಾ, ಹತ್ತು ವರ್ಷದ ಕಾವಲು

ಗದುಗಿನಲ್ಲಿ ಫಿಜಿಷಿಯನ್ ಆಗಿರುವ ನನಗೆ ಹೆಚ್ಚು ಚಿಂತೆ ಹಚ್ಚುವವರು, "ಎಡಗೈ ಸೋತಿತ್ತು, ಅರ್ಧ ತಾಸಿನಲ್ಲಿ ತಾನೇ ಸರಿಹೋಯಿತು" ಎನ್ನುತ್ತ ನಗುತ್ತ ಬರುವವರು. ಪೂರ್ತಿ ಲಕ್ವಾ ಹೊಡೆದ ಮನೆಯಲ್ಲಿ ಗುಳಿಗೆಯ ಬಗ್ಗೆ ತಕರಾರು ಕಡಿಮೆ. ಇವರ ಲೆಕ್ಕದಲ್ಲಿ ಮಾತ್ರ ಏನೂ ಆಗಿಯೇ ಇಲ್ಲ.

ವೈದ್ಯರು ಇದಕ್ಕೆ ಟಿಐಎ ಎನ್ನುತ್ತೇವೆ. ಮೆದುಳಿನ ಒಂದು ಭಾಗಕ್ಕೆ ರಕ್ತ ತುಸು ಹೊತ್ತು ನಿಂತು ಮತ್ತೆ ಹರಿಯುತ್ತದೆ. ಮೊದಲ ಎರಡು ದಿನ ಅಪಾಯ ಅತಿ ಹೆಚ್ಚು. ಆಗ ತಡಮಾಡದೆ ಸ್ಕ್ಯಾನ್, ಕತ್ತಿನ ರಕ್ತನಾಳದಲ್ಲಿ ಹರಿವು ನೋಡುವ ಡಾಪ್ಲರ್ ಪರೀಕ್ಷೆ, ಇಸಿಜಿ ಮಾಡಿಸುತ್ತೇನೆ. ಜನ ಕೈಬಿಡುವುದು ಅದಾದ ಮೇಲೆ. 2025ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾ ಪ್ರಕಟಿಸಿದ, 1.7 ಲಕ್ಷಕ್ಕೂ ಹೆಚ್ಚು ರೋಗಿಗಳ ವಿಶ್ಲೇಷಣೆಯ ಪ್ರಕಾರ, ಟಿಐಎ ಅಥವಾ ಸಣ್ಣ ಪಾರ್ಶ್ವವಾಯು ಆದ ನೂರು ಜನರಲ್ಲಿ ಮೊದಲ ವರ್ಷ ಸುಮಾರು 6, ಐದು ವರ್ಷದೊಳಗೆ 13, ಹತ್ತು ವರ್ಷದೊಳಗೆ 20 ಮಂದಿಗೆ ಮತ್ತೆ ಪಾರ್ಶ್ವವಾಯು ಬಡಿಯುತ್ತದೆ.

ಹಾಗಾಗಿ ಇವರಿಗೆಂದೇ ಬೇರೆ ದಫ್ತರ ಇಟ್ಟಿದ್ದೇನೆ. ಅದರಲ್ಲಿ ರೋಗಿಯ ಫೋನ್ ನಂಬರಿಗಿಂತ ಸೊಸೆಯ ನಂಬರು ಮುಖ್ಯ. ಬರುವಾಗ ಗುಳಿಗೆಯ ಹಾಳೆಗಳನ್ನೆಲ್ಲ, ಖಾಲಿಯಾದವನ್ನೂ, ತರಲು ಹೇಳುತ್ತೇನೆ. ರೋಣದ ಕಡೆಯ ಅಜ್ಜರೊಬ್ಬರು ಚೀಲ ಸುರಿದಾಗ ಆಸ್ಪಿರಿನ್ ಹಾಳೆ ಪೂರ್ತಿ ಖಾಲಿ, ಬಿ.ಪಿ. ಗುಳಿಗೆಯ ಹಾಳೆಯಲ್ಲಿ ಎರಡು ಗುಳಿ ಒಡೆದಿತ್ತು, ಅಷ್ಟೇ.

"ಬಿ.ಪಿ. ಇಳಿದಿತ್ತಲ್ಲ ಸಾಹೇಬರೇ, ಮತ್ತೇಕೆ ಗುಳಿಗೆ?"

"ನುಂಗಿದ್ದಕ್ಕೇ ಇಳಿದಿತ್ತು ಅಜ್ಜಾ. ಈಗ ನೋಡಿ, 170."

ಹಿಂಗಾರಿ ಬಿತ್ತನೆಯ ಹೊತ್ತಿಗೆ ಯಾರೂ ಬರುವುದಿಲ್ಲವೆಂದು ಗೊತ್ತು. ಮಹಾನವಮಿಗೆ ಮುಂಚೆಯೇ ಮೂರು ತಿಂಗಳ ಔಷಧ ಬರೆದುಕೊಡುತ್ತೇನೆ. ಬಿ.ಪಿ. 130/80ರೊಳಗೆ, ಕೆಟ್ಟ ಕೊಲೆಸ್ಟ್ರಾಲ್ 70ರ ಕೆಳಗೆ ಇರಬೇಕು. ನಾಡಿಯನ್ನು ಪ್ರತಿ ಸಲವೂ ಪೂರ್ತಿ ಒಂದು ನಿಮಿಷ ಹಿಡಿಯುತ್ತೇನೆ. ತಾಳ ತಪ್ಪಿದ್ದರೆ ಇಸಿಜಿ. ಹೃದಯದ ಮೇಲ್ಕೋಣೆಯ ಕಂಪನವೆಂದು ಖಚಿತವಾದರೆ ಆಸ್ಪಿರಿನ್ ಸಾಲದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಬೇರೆ ಗುಳಿಗೆ ಬೇಕು. ಮಿರ್ಚಿ, ಗಿರ್ಮಿಟ್ ಪೂರ್ತಿ ಬಿಡಿಸುವ ಹಟ ನನಗಿಲ್ಲ, ನಾನೇ ಬಿಟ್ಟಿಲ್ಲ. ತಂಬಾಕಿನಲ್ಲಿ ಮಾತ್ರ ರಾಜಿಯಿಲ್ಲ.

ಇನ್ನೊಂದು ತೊಂದರೆ ತದ್ವಿರುದ್ಧದ್ದು. ಆಸ್ಪಿರಿನ್ ಜೊತೆ, ಅದರಂತೆಯೇ ರಕ್ತದ ಕಣಗಳು ಅಂಟಿಕೊಳ್ಳದಂತೆ ತಡೆಯುವ ಕ್ಲೊಪಿಡೋಗ್ರೆಲ್ ಗುಳಿಗೆ ಕೊಡುವುದು ಸಾಮಾನ್ಯವಾಗಿ ಮೊದಲ 21 ದಿನಕ್ಕೆ. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಎರಡನ್ನೂ ನುಂಗುವವರಿದ್ದಾರೆ. ಹೊಟ್ಟೆಯಲ್ಲಿ ರಕ್ತಸ್ರಾವವಾಗಿ ಬರುತ್ತಾರೆ. ಅದಕ್ಕೇ ಒಂದನ್ನು ನಿಲ್ಲಿಸುವ ತಾರೀಖನ್ನು ಚೀಟಿಯ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ, ಔಷಧ ಅಂಗಡಿಯವರ ಕಣ್ಣಿಗೂ ಬೀಳುವಂತೆ, ಬರೆಯುತ್ತೇನೆ.