ಯಾರ್ಕ್‌ಶೈರ್ ಪುಡ್ಡಿಂಗ್ ಕೊನೆಗೂ ಉಬ್ಬಿತು
ಇಂಗ್ಲೆಂಡಿನ ಲೀಡ್ಸ್‌ಗೆ ಬಂದ್ಮೇಲೆ ಸಂಡೇ ರೋಸ್ಟ್ (ಓವನ್‌ನಲ್ಲಿ ಬೇಯಿಸಿದ ಮಾಂಸದ ಭಾನುವಾರದ ಊಟ) ಮನೇಲೇ ಮಾಡೋ ಹುಚ್ಚು ಹಿಡೀತು, ಚಿಕನ್ ಆಲೂಗಡ್ಡೆ ಎಲ್ಲಾ ಓಕೆ, ಆದ್ರೆ ಯಾರ್ಕ್‌ಶೈರ್ ಪುಡ್ಡಿಂಗ್ ಮಾತ್ರ ಮೂರು ಸಲನೂ ಚಪ್ಪಟೆ ತಟ್ಟೆ ಇಡ್ಲಿ. (ಹೆಸರಷ್ಟೇ ಪುಡ್ಡಿಂಗ್, ಸಿಹಿ ಅಲ್ಲ, ಗ್ರೇವಿ ಜೊತೆ ತಿನ್ನೋದು.) ಹಿಟ್ಟಲ್ಲಿ ತಪ್ಪಿರ್ಲಿಲ್ಲ, ಮೊಟ್ಟೆ ಹಾಲು ಮೈದಾ ಮೂರೂ ಒಂದೇ ಅಳತೆ, ಎಣ್ಣೆ ಸರಿಯಾಗಿ ಕಾದಿರ್ಲಿಲ್ಲ ಅಷ್ಟೇ.

ಈ ಸಲ ಟ್ರೇಗೆ ಸೂರ್ಯಕಾಂತಿ ಎಣ್ಣೆ ಹಾಕಿ 220 ಡಿಗ್ರೀಲಿ 10 ನಿಮಿಷ ಕಾಯಿಸಿ ಹೊಗೆಯಾಡೋ ಹೊತ್ತಿಗೆ ಹಿಟ್ಟು ಹುಯ್ದೆ, ದೋಸೆ ಹೆಂಚಿನ ಥರ ಚುಂಯ್ ಅನ್ಬೇಕು. ಥೈಮ್, ರೋಸ್‌ಮೇರಿ ಅನ್ನೋ ಘಮದ ಸೊಪ್ಪು ಒರೆಸಿ ಸಣ್ಣಗೆ ಹೆಚ್ಚಿ, ಹಿಟ್ಟು ಅರ್ಧ ಗಂಟೆ ನೆಂದ್ಮೇಲೆ, ಹುಯ್ಯೋ ಮುಂಚೆ ಕೊನೇಲಿ ಸೇರಿಸಿದ್ದೆ. ಹಿಟ್ಟು ಹುಯ್ದ್ಮೇಲೆ 20 ನಿಮಿಷ ಓವನ್ ಬಾಗಿಲು ತೆಗೀಲೇ ಇಲ್ಲ, ಮಗಳನ್ನ ಕಾವಲಿಗೆ ಕೂರಿಸಿದ್ದೆ!

ಅತ್ತೆ ಎರಡು ತಿಂದ್ರು, ಗ್ರೇವಿ ಬದ್ಲು ಉಪ್ಪಿನಕಾಯಿ ಹಚ್ಕೊಂಡು.