ಎದುರಿಗೆ ಯಾರೂ ಇಲ್ಲದ ಸಂದರ್ಶನ: ಕ್ಯಾಮೆರಾ ಮುಂದೆ ಗಾಬರಿಯಾದರೆ ಏನು ಮಾಡಬೇಕು?

ಕಂಪನಿಯಿಂದ ಮೇಲ್ ಬರುತ್ತದೆ. ಒಳಗೊಂದು ಲಿಂಕ್, ಐದಾರು ಪ್ರಶ್ನೆ, ಮೂರು ದಿನದ ಗಡುವು. ಲಿಂಕ್ ಒತ್ತಿದರೆ ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ. ಯೋಚಿಸಲು ಸಾಮಾನ್ಯವಾಗಿ 30 ಸೆಕೆಂಡು, ಉತ್ತರಿಸಲು ಒಂದರಿಂದ ಮೂರು ನಿಮಿಷ. ಆ ಕಡೆ ಯಾರೂ ಇರುವುದಿಲ್ಲ. ನೀವು ಮಾತಾಡಿದ್ದು ರೆಕಾರ್ಡ್ ಆಗಿ, ಯಾರೋ ಯಾವಾಗಲೋ ನೋಡುತ್ತಾರೆ.

ಕಾಲೇಜಿನ ಕ್ಯಾಂಪಸ್ ಸಂದರ್ಶನದಲ್ಲಿ ಸಲೀಸಾಗಿ ಮಾತಾಡಿದವರೇ ಇಲ್ಲಿ ತಡವರಿಸುತ್ತಾರೆ. ವಿಷಯ ಗೊತ್ತಿಲ್ಲ ಅಂತಲ್ಲ, ಹೂಂಗುಟ್ಟುವವರಿಲ್ಲ. ಎದುರಿನವರ ಕಣ್ಣು, ತಲೆಯಾಡಿಸುವಿಕೆ, ಒಂದು ‘ಹೂಂ’, ಇವನ್ನು ನೋಡಿಕೊಂಡೇ ನಾವು ಮುಂದಿನ ಮಾತು ಜೋಡಿಸುವುದು. ಅದು ಸಿಗದಿದ್ದಾಗ ಮನಸ್ಸು ‘ನಾನು ಹೇಳಿದ್ದು ಸರಿಯಾಗಲಿಲ್ಲ’ ಎಂದುಕೊಳ್ಳುತ್ತದೆ, ಮಾತಿನ ವೇಗ ಏರುತ್ತದೆ, ಉಸಿರು ಎದೆಯ ಮೇಲ್ಭಾಗಕ್ಕೆ ಬಂದು ನಿಲ್ಲುತ್ತದೆ. ಆದ್ದರಿಂದ ಇದಕ್ಕೆ ಮಾಡಬೇಕಾದ ತಯಾರಿಯೇ ಬೇರೆ. ಉತ್ತರ ಬಾಯಿಪಾಠ ಮಾಡಿದಷ್ಟೂ ಗಾಬರಿ ಹೆಚ್ಚು, ಏಕೆಂದರೆ ಒಂದು ಪದ ಮರೆತರೆ ಇಡೀ ಸರಪಳಿ ಕಳಚುತ್ತದೆ.

ಮೇಲ್ ಬಂದ ದಿನ

ಎಷ್ಟು ಪ್ರಶ್ನೆ, ಯೋಚಿಸಲು ಎಷ್ಟು ಹೊತ್ತು, ಉತ್ತರಕ್ಕೆ ಎಷ್ಟು ಹೊತ್ತು, ಮತ್ತೆ ರೆಕಾರ್ಡ್ ಮಾಡುವ ಅವಕಾಶ ಇದೆಯೇ, ಗಡುವು ಯಾವ ದೇಶದ ಗಡಿಯಾರದ್ದು: ಇಷ್ಟನ್ನು ಮೇಲ್‌ನಲ್ಲಿ ಹುಡುಕಿ ಚೀಟಿಯಲ್ಲಿ ಬರೆದುಕೊಳ್ಳಿ. ಶುಲ್ಕ ಅಥವಾ ಆಧಾರ್ ಒಟಿಪಿ ಕೇಳಿದರೆ ಅದು ಸಂದರ್ಶನವಲ್ಲ, ಟೋಪಿ ಹಾಕುವ ಕೆಲಸ, ಅಲ್ಲಿಗೇ ಬಿಡಿ.

ಗಡುವಿನ ಕೊನೆಯ ರಾತ್ರಿಗೆ ಇಟ್ಟುಕೊಳ್ಳಲೇಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಲೈನ್ ಮೇಲೆ ಮರ ಬಿದ್ದರೆ ಮೆಸ್ಕಾಂನವರು ಸರಿ ಮಾಡುವಷ್ಟರಲ್ಲಿ ಮರುದಿನವಾಗಬಹುದು. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಕೈಕೊಡುತ್ತದೆ. ಮೂರು ದಿನ ಕೊಟ್ಟಿದ್ದರೆ ಎರಡನೇ ದಿನ ಬೆಳಿಗ್ಗೆ ಕೂರಿ. ಊರಲ್ಲಿ ಸಿಗ್ನಲ್ ನೆಚ್ಚುವಂತಿಲ್ಲ ಎಂದಾದರೆ ಹಿಂದಿನ ದಿನವೇ ಶಿವಮೊಗ್ಗದ ನೆಂಟರ ಮನೆಗೆ ಬಸ್ ಹತ್ತಿ. ಸೈಬರ್ ಸೆಂಟರ್ ಮಾತ್ರ ಬೇಡ. ಪಕ್ಕದಲ್ಲಿ ಪಹಣಿ ಪ್ರಿಂಟಿಗೆ ಕಾಯುತ್ತ ನಿಂತವರು ನಿಮ್ಮ ಇಂಗ್ಲಿಷ್ ಕೇಳುತ್ತಿದ್ದರೆ ಇರುವ ಧೈರ್ಯವೂ ಹೋಗುತ್ತದೆ.

ಜಾಗ, ಬೆಳಕು, ನೆಟ್

ಇದು ಒಂದು ತಾಸಿನ ಕೆಲಸ. ಹಿಂದಿನ ದಿನ ಮುಗಿಸಿ. ಬೆಳಕು ಮುಖದ ಮೇಲೆ ಬೀಳಬೇಕು, ಬೆನ್ನಿಗಲ್ಲ. ಹಳೇ ಹಂಚಿನ ಮನೆಯ ನಡುಮನೆಯಲ್ಲಿ ಹಗಲಲ್ಲೂ ಕತ್ತಲು. ಜಗಲಿಯಲ್ಲಿ ಅಂಗಳಕ್ಕೆ ಮುಖ ಮಾಡಿ ಕೂತರೆ ಮೋಡದ ಬೆಳಕು ಮುಖಕ್ಕೆ ಸಮನಾಗಿ ಬೀಳುತ್ತದೆ, ಯಾವ ಲೈಟೂ ಬೇಕಿಲ್ಲ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ರಿಂಗ್ ಲೈಟ್ ಕನ್ನಡಕದವರಿಗಂತೂ ದಂಡ, ಎರಡೂ ಗಾಜಿನಲ್ಲಿ ಬಿಳಿ ಬಳೆ ಕಾಣುತ್ತದೆ. ಲ್ಯಾಪ್‌ಟಾಪಿನ ಕೆಳಗೆ ಒಂದೆರಡು ಮಣೆ ಇಟ್ಟು ಕ್ಯಾಮೆರಾವನ್ನು ಕಣ್ಣಿನ ಎತ್ತರಕ್ಕೆ ತನ್ನಿ.

ಮಳೆಗಾಲದಲ್ಲಿ ಶೀಟ್ ಹೊದೆಸಿದ ಮಾಡಿನ ಕೆಳಗೆ ಕೂರಬೇಡಿ. ಹಂಚಿನ ಅಥವಾ ಆರ್‌ಸಿಸಿ ಕೋಣೆ, ಹಾಸಿಗೆ, ಬಟ್ಟೆ ಇರುವಂಥದ್ದು ಒಳ್ಳೆಯದು, ಪ್ರತಿಧ್ವನಿ ಇರುವುದಿಲ್ಲ. ವಯರ್ ಇರುವ ಇಯರ್‌ಫೋನ್ ಬಳಸಿ. ಬ್ಲೂಟೂತ್ ಇಯರ್‌ಬಡ್‌ಗಳ ಮೈಕ್ ಚಾಲೂ ಆದೊಡನೆ ಧ್ವನಿಯ ಗುಣಮಟ್ಟ ಸಾಮಾನ್ಯವಾಗಿ ಕುಸಿಯುತ್ತದೆ, ಚಾರ್ಜ್ ಮುಗಿಯುವುದೂ ಅದೇ ಹೊತ್ತಿಗೆ.

ನೆಟ್‌ನಲ್ಲಿ ನೋಡಬೇಕಾದ್ದು ಅಪ್‌ಲೋಡ್ ವೇಗ. ಸ್ಪೀಡ್ ಟೆಸ್ಟ್ ಮಾಡಿದಾಗ ದೊಡ್ಡದಾಗಿ ಕಾಣುವುದು ಹೆಚ್ಚಾಗಿ ಡೌನ್‌ಲೋಡ್. ಅಪ್‌ಲೋಡ್ 2 ಎಂಬಿಪಿಎಸ್ ಸ್ಥಿರವಾಗಿ ಸಿಕ್ಕರೆ ಸಾಮಾನ್ಯವಾಗಿ ಸಾಕು. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿದವರು ಒಂದು ಎಚ್ಚರ ವಹಿಸಬೇಕು: ಕರೆ ಬಂದಾಗ ಫೋನು ಹಳೇ ನೆಟ್‌ವರ್ಕಿಗೆ ಇಳಿದರೆ ಡೇಟಾ ಅಲ್ಲೇ ನಿಲ್ಲುತ್ತದೆ. ಆ ಸಿಮ್ಮಿನ ಕರೆಗಳನ್ನು ಒಂದು ತಾಸು ಬೇರೆ ನಂಬರಿಗೆ ಫಾರ್ವರ್ಡ್ ಮಾಡಿ, ಮನೆಯವರಿಗೂ ಹೇಳಿಡಿ.

ಹೂಂಗುಟ್ಟುವವರನ್ನು ಮೆಲ್ಲಗೆ ದೂರ ಮಾಡುವುದು

ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲಿ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುತ್ತಾರೆ, ನೇರ ಹೋಗಿ ಕ್ಯಾಮೆರಾ ಮುಂದೆ ಕೂರುತ್ತಾರೆ. ಕನ್ನಡಿಯಿಂದ ಪ್ರಯೋಜನಕ್ಕಿಂತ ತೊಂದರೆಯೇ ಹೆಚ್ಚು. ನಿಮ್ಮ ಮುಖವನ್ನೇ ಪರೀಕ್ಷಿಸುವ ಚಟ ಹತ್ತಿ, ಸಂದರ್ಶನದಲ್ಲೂ ಕಣ್ಣು ಪರದೆಯ ಮೂಲೆಯಲ್ಲಿ ಕಾಣುವ ನಿಮ್ಮದೇ ಚಿತ್ರಕ್ಕೆ ಹೋಗುತ್ತದೆ.

ಒಬ್ಬ ಗೆಳೆಯನೋ ಅಕ್ಕನೋ ಇದ್ದರೆ ಸಾಕು. ಅವರನ್ನು ಲ್ಯಾಪ್‌ಟಾಪಿನ ಹಿಂದೆ ಕೂರಿಸಿ, ಪರದೆಯ ಅಂಚಿನ ಮೇಲೆ ಅವರ ಕಣ್ಣು ಮಾತ್ರ ಕಾಣುವ ಹಾಗೆ. ನೀವು ನೋಡಬೇಕಾದ್ದು ಲೆನ್ಸ್. ಅವರ ಕಣ್ಣು ಅದರ ಹಿಂದೆಯೇ ಇರುತ್ತದೆ. ಮೊದಲ ಸುತ್ತಿನಲ್ಲಿ ಅವರು ಎಂದಿನಂತೆ ತಲೆಯಾಡಿಸುತ್ತ ಕೇಳಲಿ. ಎರಡು ಪ್ರಶ್ನೆಗೆ ಉತ್ತರಿಸಿ, ರೆಕಾರ್ಡ್ ಮಾಡಿ.

ಎರಡನೇ ಸುತ್ತಿನಲ್ಲಿ ಅವರು ಮುಖ ಗಂಟಿಕ್ಕಿದಂತೆ ಸುಮ್ಮನೆ ಕೂರಬೇಕು. ತಲೆ ಆಡಿಸುವುದಿಲ್ಲ, ನಗುವುದಿಲ್ಲ. ಬಹುಪಾಲು ಮಂದಿ ಮುಗ್ಗರಿಸುವುದು ಈ ಸುತ್ತಿನಲ್ಲೇ, ಮತ್ತು ಮುಗ್ಗರಿಸುವ ರೀತಿ ಬಹುತೇಕ ಒಂದೇ: ವಾಕ್ಯದ ಬಾಲವನ್ನೇ ಎರಡು ಸಲ ಹೇಳುವುದು, ‘ಆ್ಯಕ್ಚುವಲಿ’, ‘ಬೇಸಿಕಲಿ’ ಮಳೆ ಸುರಿಸುವುದು, ಕಾರಣವಿಲ್ಲದೆ ನಕ್ಕುಬಿಡುವುದು, ಕೊನೆಗೆ ‘ಅಷ್ಟೇ’ ಎಂದು ಕೈ ಚೆಲ್ಲುವುದು. ಇದು ಕಂಡರೆ ಹೆದರಬೇಡಿ. ಅಭ್ಯಾಸ ಬೇಕಾದ ಜಾಗ ಸಿಕ್ಕಿತು ಅಷ್ಟೆ. ಪ್ರತಿ ವಾಕ್ಯದ ಪೂರ್ಣವಿರಾಮದಲ್ಲಿ ಬಾಯಿ ಮುಚ್ಚಿ. ನಿಜಕ್ಕೂ ತುಟಿ ಕೂಡಬೇಕು. ತುಟಿ ಮುಚ್ಚಿದಾಗ ಉಸಿರು ಮೂಗಿನಿಂದ ಒಳಗೆ ಬರುತ್ತದೆ, ‘ಆ...’ ಎಂಬ ಎಳೆತಕ್ಕೆ ಜಾಗವಿರುವುದಿಲ್ಲ, ವೇಗ ತಾನಾಗಿ ಇಳಿಯುತ್ತದೆ. ಈ ಸುತ್ತನ್ನು ಬೋರಾಗುವವರೆಗೆ ಮಾಡಿ. ಮುಖ ಗಂಟಿಕ್ಕಿದವರ ಮುಂದೆ ಮಾತಾಡುವುದು ಸಪ್ಪೆ ಎನಿಸಿದ ಮೇಲೆಯೇ ಮುಂದಿನದು.

ಮೂರನೇ ಸುತ್ತಿನಲ್ಲಿ ಅವರು ಎದ್ದು ಹೋಗಲಿ, ಖಾಲಿ ಕುರ್ಚಿ ಅಲ್ಲೇ ಇರಲಿ. ನಾಲ್ಕನೆಯದರಲ್ಲಿ ಕುರ್ಚಿಯೂ ಬೇಡ, ಟೈಮರ್ ಓಡಲಿ. ಪರದೆಯಲ್ಲಿ ನಿಮ್ಮ ಚಿತ್ರ ಕಾಣುವ ಜಾಗಕ್ಕೆ ಒಂದು ಚೀಟಿ ಅಂಟಿಸಿಬಿಡಿ.

ರೆಕಾರ್ಡಿಂಗನ್ನು ಎರಡು ಸಲ ನೋಡಿ: ಒಮ್ಮೆ ಧ್ವನಿ ಇಲ್ಲದೆ, ಒಮ್ಮೆ ಫೋನ್ ಬೋರಲು ಹಾಕಿ ಧ್ವನಿ ಮಾತ್ರ. ಒಂದೇ ಒಂದು ತಪ್ಪು ಆರಿಸಿ, ಅದನ್ನಷ್ಟೇ ತಿದ್ದಿ. ನೋಡುವಾಗ ಒಂದು ಅಚ್ಚರಿ ಕಾದಿರುತ್ತದೆ. ಒಳಗೆ ಎದೆ ಡಬಡಬ ಎನ್ನುತ್ತಿದ್ದರೂ ಹೊರಗೆ ಅಷ್ಟು ಕಾಣುವುದಿಲ್ಲ. ಗಿಲೊವಿಚ್, ಸವಿಟ್‌ಸ್ಕಿ, ಮೆಡ್ವೆಕ್ ಎಂಬ ಮನಶ್ಶಾಸ್ತ್ರಜ್ಞರು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ತೋರಿಸಿದವು: ತಮ್ಮ ಒಳಗಿನ ಭಾವ ಬೇರೆಯವರಿಗೆ ಎಷ್ಟು ಕಾಣುತ್ತದೆ ಎಂಬುದನ್ನು ಜನ ಇದ್ದದ್ದಕ್ಕಿಂತ ಹೆಚ್ಚಾಗಿ ಅಂದಾಜಿಸುತ್ತಾರೆ. ಭಾಷಣಕ್ಕೆ ಮುಂಚೆ ಇದನ್ನು ಹೇಳಿಕೊಟ್ಟಾಗ ಭಾಷಣವೂ ಸುಧಾರಿಸಿದ್ದನ್ನು ಸವಿಟ್‌ಸ್ಕಿ ಮತ್ತು ಗಿಲೊವಿಚ್ 2003ರಲ್ಲಿ ದಾಖಲಿಸಿದ್ದಾರೆ.

ಕನ್ನಡದಲ್ಲಿ ಮೊದಲು, ಇಂಗ್ಲಿಷಿನಲ್ಲಿ ಆಮೇಲೆ

ಕನ್ನಡ ಮಾಧ್ಯಮದಲ್ಲಿ ಓದಿದವರು ಎರಡು ಹೆದರಿಕೆಯನ್ನು ಒಟ್ಟಿಗೆ ಹೊರುತ್ತಾರೆ, ಏನು ಹೇಳಲಿ ಎಂಬುದು ಒಂದು, ಹೇಗೆ ಹೇಳಲಿ ಎಂಬುದು ಇನ್ನೊಂದು. ಬಿಡಿಸಿ. ಮೊದಲು ಅದೇ ಪ್ರಶ್ನೆಗೆ ಮನೆಯ ಕನ್ನಡದಲ್ಲಿ ಒಂದೂವರೆ ನಿಮಿಷ ಮಾತಾಡಿ ರೆಕಾರ್ಡ್ ಮಾಡಿ. ವಿಷಯ ಗಟ್ಟಿಯಾದ ಮೇಲೆ ಇಂಗ್ಲಿಷಿನಲ್ಲಿ ಚಿಕ್ಕ ಚಿಕ್ಕ ವಾಕ್ಯದಲ್ಲಿ ಹೇಳಿ. ಎಐ ಬರೆದುಕೊಟ್ಟ ಉತ್ತರ ಓದಿ ಒಪ್ಪಿಸುವ ದಾರಿ ಬೇಡವೇ ಬೇಡ. ನಿಮ್ಮ ಬಾಯಿಗೆ ಒಗ್ಗದ ಪದಗಳೇ ನಡುವೆ ಕೈಕೊಡುವುದು. ಟೆಲಿಪ್ರಾಂಪ್ಟರ್ ಆ್ಯಪ್‌ಗಳೂ ಅಷ್ಟೆ. ಕಣ್ಣುಗುಡ್ಡೆ ಎಡದಿಂದ ಬಲಕ್ಕೆ ಓಡುವುದು ನೋಡುವವರಿಗೆ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ.

ಆ 30 ಸೆಕೆಂಡು

ಪ್ರಶ್ನೆ ಕಂಡೊಡನೆ ಉತ್ತರ ಹುಡುಕಲು ಹೋಗಬೇಡಿ. ಮೊದಲ ಐದು ಸೆಕೆಂಡು ಉಸಿರು ಪೂರ್ತಿ ಹೊರಗೆ ಬಿಡಿ, ಪ್ರಶ್ನೆಯನ್ನು ಎರಡು ಸಲ ಓದಿ. ಮುಂದಿನ ಹತ್ತು ಸೆಕೆಂಡಿನಲ್ಲಿ ಯಾವ ಘಟನೆ ಹೇಳುವುದು ಎಂದು ಆರಿಸಿ. ಇದಕ್ಕೆ ಮೊದಲೇ ನಾಲ್ಕೈದು ಘಟನೆ ಸಿದ್ಧ ಇಟ್ಟುಕೊಂಡಿರಬೇಕು. ಉಳಿದ ಹದಿನೈದರಲ್ಲಿ ಖಾಲಿ ಹಾಳೆಯ ಮೇಲೆ ನಾಲ್ಕು ಪದ ಗೀಚಿ: ಸಂದರ್ಭ, ನಿಮ್ಮ ಹೊಣೆ, ಮಾಡಿದ್ದು, ಆದದ್ದು. ವಾಕ್ಯ ಬರೆಯಬೇಡಿ.

‘ಒಂದು ಸಮಸ್ಯೆ ಬಗೆಹರಿಸಿದ್ದು ಹೇಳಿ’ ಎಂಬ ಪ್ರಶ್ನೆ ಬಂದಿತು ಎನ್ನಿ. ಊರಿನ ಹಾಲಿನ ಡೇರಿಯಲ್ಲಿ ಲೆಕ್ಕಕ್ಕೆ ಸಹಾಯ ಮಾಡಿದ ಬಿ.ಕಾಂ. ಹುಡುಗಿ ಹಾಳೆಯಲ್ಲಿ ಗೀಚಬೇಕಾದ್ದು ಇಷ್ಟೇ: ಡೇರಿ, ಬಟವಾಡೆ ತಡ, ಎಕ್ಸೆಲ್, ದೂರು ನಿಂತಿತು. ತೊಂಬತ್ತು ಸೆಕೆಂಡಿನ ಉತ್ತರದಲ್ಲಿ ಸಂದರ್ಭಕ್ಕೆ ಹತ್ತು, ಹೊಣೆಗೆ ಹದಿನೈದು, ಮಾಡಿದ್ದಕ್ಕೆ ನಲವತ್ತೈದು, ಆದದ್ದಕ್ಕೆ ಇಪ್ಪತ್ತು. ಸಾಮಾನ್ಯವಾಗಿ ಆಗುವುದು ತಲೆಕೆಳಗು. ಡೇರಿ ಯಾವಾಗ ಶುರುವಾಯಿತು, ಎಷ್ಟು ಜನ ಸದಸ್ಯರು ಎಂದು ಒಂದು ನಿಮಿಷ ಕಳೆದು, ಫ್ಯಾಟ್ ಮತ್ತು ಲೀಟರ್ ನಮೂದಿಸಿದರೆ ಮೊತ್ತ ತಾನೇ ಬರುವಂತೆ ಶೀಟ್ ಮಾಡಿದೆ ಎಂಬ ಮುಖ್ಯ ಮಾತಿಗೆ ಹೊತ್ತೇ ಉಳಿಯುವುದಿಲ್ಲ.

ರೆಕಾರ್ಡಿಂಗಿನ ಕೆಂಪು ಚುಕ್ಕೆ ಕಂಡ ಮೇಲೆ ಒಂದು ಸೆಕೆಂಡು ತಡೆದು ಶುರು ಮಾಡಿ, ಇಲ್ಲದಿದ್ದರೆ ಮೊದಲ ಅಕ್ಷರ ತುಂಡಾಗುವುದುಂಟು. ಮೊದಲ ವಾಕ್ಯ ಪ್ರಶ್ನೆಯ ಪದಗಳಿಂದಲೇ ಆಗಲಿ, ನಿಮ್ಮ ಎಂದಿನ ದನಿಗಿಂತ ತುಸು ತಗ್ಗಿನಲ್ಲಿ. ಗಾಬರಿಗೆ ಗಂಟಲಿನ ಸ್ನಾಯು ಬಿಗಿದು ದನಿ ಮೇಲೇರುತ್ತದೆ; ಮೇಲಿಂದ ಶುರು ಮಾಡಿದರೆ ಆಮೇಲೆ ಇಳಿಸುವುದು ಕಷ್ಟ.

ನಡುವೆ ತಲೆ ಖಾಲಿಯಾದರೆ ಬಾಯಿ ಮುಚ್ಚಿ, ಉಸಿರು ಬಿಡಿ, ಹಾಳೆಯ ಮುಂದಿನ ಪದ ನೋಡಿ, ಮುಂದುವರಿಯಿರಿ. ನಿಮಗೆ ಯುಗದಂತೆ ಕಾಣುವ ಮೂರು ಸೆಕೆಂಡಿನ ಮೌನ ನೋಡುವವರಿಗೆ ಯೋಚಿಸಿದಂತೆ ಕಾಣುತ್ತದೆ. ‘ಸಾರಿ’ ಅನ್ನಬೇಡಿ. ಎರಡು ನಿಮಿಷ ಕೊಟ್ಟರೆ ಎರಡನ್ನೂ ತುಂಬಬೇಕೆಂದಿಲ್ಲ, ಒಂದೂವರೆಗೆ ಮುಗಿಸಿ. ಕೊನೆಯ ವಾಕ್ಯ ಹೇಳುವಾಗಲೇ ಕಣ್ಣು ಮೌಸ್ ಹುಡುಕುವ ಚಟ ಬಹಳ ಜನಕ್ಕಿದೆ. ಹೇಳಿ, ಎರಡು ಸೆಕೆಂಡು ಲೆನ್ಸ್ ನೋಡಿ, ಆಮೇಲೆ ನಿಲ್ಲಿಸಿ. ಮತ್ತೆ ರೆಕಾರ್ಡ್ ಮಾಡುವ ಅವಕಾಶವಿದ್ದರೂ ಒಂದೇ ಸಲ ಬಳಸಿ. ನಾಲ್ಕನೆಯ ಸಲಕ್ಕೆ ಮುಖದಲ್ಲಿ ಜೀವವಿರುವುದಿಲ್ಲ.

ಮೈಯನ್ನು ತಹಬಂದಿಗೆ ತರುವುದು

ಶುರುವಿಗೆ ಹತ್ತು ನಿಮಿಷ ಮುಂಚೆ: ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ, ಐದು ನಿಮಿಷ. ಉಸಿರು ಬಿಡುವಾಗ ಎದೆಬಡಿತ ಸಹಜವಾಗಿ ನಿಧಾನವಾಗುತ್ತದೆ, ಹೊರಬಿಡುವುದನ್ನು ಉದ್ದ ಮಾಡುವುದು ಅದಕ್ಕೇ. ಬಾಯಿ ಮುಚ್ಚಿ ‘ಮ್...’ ಎಂದು ಒಂದು ನಿಮಿಷ ಗುನುಗಿದರೆ ಗಂಟಲು ಸಡಿಲವಾಗುತ್ತದೆ. ಬಾಯಿ ಒಣಗುತ್ತದೆ, ಬಿಸಿನೀರಿನ ಲೋಟ ಕೈಗೆಟುಕುವಲ್ಲಿರಲಿ. ಮನೆಯಲ್ಲಿ ಎಷ್ಟೇ ಒತ್ತಾಯ ಮಾಡಿದರೂ ಆ ಹೊತ್ತಿನಲ್ಲಿ ಕಾಫಿ ಬೇಡ. ಕುಡಿದ ಅರ್ಧದಿಂದ ಒಂದು ತಾಸಿನಲ್ಲಿ ಕೆಫೀನಿನ ಪ್ರಭಾವ ಏರುತ್ತದೆ, ನಡುಕಕ್ಕೆ ಅದೇ ತುಪ್ಪ.

‘ಶಾಂತವಾಗಿರು’ ಎಂದು ಹೇಳಿಕೊಳ್ಳುವುದಕ್ಕಿಂತ ‘ಹುರುಪಾಗಿದೆ’ ಎಂದು ಬಾಯಿಬಿಟ್ಟು ಹೇಳಿಕೊಳ್ಳುವುದು ಮೇಲು. ಹಾರ್ವರ್ಡ್‌ನ ಆ್ಯಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಗೆ ಹೇಳಿಕೊಂಡವರ ಭಾಷಣ, ಹಾಡು, ಗಣಿತ ಮೂರೂ ಚೆನ್ನಾಗಿದ್ದವು. ನಡುಕಕ್ಕೆಂದು ಕೆಲವರು ಗೆಳೆಯರಿಂದ ಪ್ರೊಪ್ರನೊಲಾಲ್ ಮಾತ್ರೆ ತಂದು ನುಂಗುವುದುಂಟು. ವೈದ್ಯರನ್ನು ಕೇಳದೆ ಮುಟ್ಟಬೇಡಿ, ಅಸ್ತಮಾ ಇದ್ದವರಿಗಂತೂ ಅದು ಅಪಾಯ.

‘ಕಂಪ್ಯೂಟರ್ ನನ್ನ ಮುಖ ನೋಡಿ ಅಂಕ ಹಾಕುತ್ತದೆ’ ಎಂಬುದೊಂದು ಹೆದರಿಕೆ. ಈ ಕ್ಷೇತ್ರದ ದೊಡ್ಡ ಕಂಪನಿ ಹೈರ್‌ವ್ಯೂ ಮುಖಭಾವ ವಿಶ್ಲೇಷಣೆ ಕೈಬಿಟ್ಟಿದ್ದೇವೆ ಎಂದು 2021ರ ಜನವರಿಯಲ್ಲೇ ಹೇಳಿದೆ. ಮಾತನ್ನು ಪಠ್ಯಕ್ಕಿಳಿಸಿ ಪದಗಳನ್ನು ನೋಡುವ ಪದ್ಧತಿ ಇದೆ. ಹಾಗಾಗಿ ಹುಬ್ಬು ಕುಣಿಸುವ ಚಿಂತೆ ಬಿಡಿ, ಸ್ಪಷ್ಟವಾಗಿ ಮಾತಾಡಿ.

ಮುಗಿದ ಮೇಲೆ

ಅಪ್‌ಲೋಡ್ ಪಟ್ಟಿ ಕೊನೆ ಮುಟ್ಟುವವರೆಗೆ ಟ್ಯಾಬ್ ಮುಚ್ಚಬೇಡಿ, ಲ್ಯಾಪ್‌ಟಾಪ್ ಮಡಚಬೇಡಿ. ‘ಸಬ್ಮಿಟ್’ ಆದ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ನಡುವೆ ಕರೆಂಟೋ ನೆಟ್ಟೋ ಹೋದರೆ ಅದೇ ಲಿಂಕನ್ನು ಮತ್ತೆ ತೆರೆದು ನೋಡಿ, ಎಷ್ಟೋ ಸಲ ನಿಂತ ಪ್ರಶ್ನೆಯಿಂದಲೇ ಮುಂದುವರಿಯುತ್ತದೆ. ಆಗದಿದ್ದರೆ ಅದೇ ದಿನ, ಗಡುವಿಗೆ ಮುಂಚೆ, ಲಿಂಕ್ ಕಳಿಸಿದ ಎಚ್‌ಆರ್‌ಗೂ ಆ ತಾಣದ ಸಹಾಯ ವಿಭಾಗಕ್ಕೂ ಮೇಲ್ ಹಾಕಿ: ಎಷ್ಟನೇ ಪ್ರಶ್ನೆ, ಎಷ್ಟು ಗಂಟೆಗೆ ನಿಂತಿತು, ಪರದೆ ಮೇಲೆ ಏನು ಕಂಡಿತು. ಫೋನಿನಲ್ಲಿ ತೆಗೆದ ಪರದೆಯ ಫೋಟೊ ಲಗತ್ತಿಸಿ, ಲಿಂಕ್ ಮತ್ತೆ ತೆರೆದುಕೊಡಿ ಎಂದು ಮೂರೇ ಸಾಲಿನಲ್ಲಿ ಕೇಳಿ.