ಗೊರವಪ್ಪನ ನೋಟ್‌ಬುಕ್: ವಾರ್‌ಕ್ರಾಫ್ಟ್ ಭವಿಷ್ಯ ಹೇಳಿ ಹೇಳಿ ಸೋತ ಕತೆ

2011ರ ಆಗಸ್ಟ್‌ನಲ್ಲಿ ನನ್ನ ನೋಟ್‌ಬುಕ್ಕಿನಲ್ಲಿ ನಾನೇ ಬರೆದ ಸಾಲು ಹೀಗಿದೆ: ‘ಮಿಸ್ಟ್ಸ್ ಆಫ್ ಪಂಡೇರಿಯಾ. ಎಕ್ಸ್‌ಪ್ಯಾನ್ಶನ್ ಅಲ್ಲ. ಕಾಮಿಕ್ ಇರಬೇಕು.’ ಸಾಲದ್ದಕ್ಕೆ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೇನೆ.

ಆಗ ನಾವು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೆವು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಆನ್‌ಲೈನ್ ಆಟ ಆಡುತ್ತಿದ್ದುದು ಯುರೋಪಿನ ಸರ್ವರ್‌ನಲ್ಲಿ. ಬಾಸ್ ಅನ್ನುವ ದೊಡ್ಡ ಖಳ ಕಾಲಡಿ ಬೆಂಕಿ ಹಚ್ಚಿದ್ದು ನಮ್ಮ ಪರದೆಗೆ ಬರುವಷ್ಟರಲ್ಲಿ ನಾವು ಅರ್ಧ ಬೆಂದಿರುತ್ತಿದ್ದೆವು. ಹಾಗಾಗಿ ಆಡುವುದಕ್ಕಿಂತ ಆಟದ ಬಗ್ಗೆ ಮಾತಾಡುವುದರಲ್ಲೇ ನಮಗೆ ಹೆಚ್ಚು ಪರಿಣತಿ. ಈ ಆಟಕ್ಕೆ ಆಗ ಸುಮಾರು ಎರಡು ವರ್ಷಕ್ಕೊಮ್ಮೆ ಎಕ್ಸ್‌ಪ್ಯಾನ್ಶನ್ ಬರುತ್ತಿತ್ತು: ಹೊಸ ನೆಲ, ಹೊಸ ಖಳ, ಲೆವೆಲ್ ಮಿತಿಯಲ್ಲಿ ಏರಿಕೆ, ಒಮ್ಮೊಮ್ಮೆ ಹೊಸ ಕ್ಲಾಸ್ (ಹೊಸ ಬಗೆಯ ಯೋಧ) ಇಲ್ಲವೇ ಹೊಸ ಕುಲ. ಮುಂದಿನದು ಯಾವುದು, ಯಾವಾಗ ಅಂತ ನಾನು ಬರೆದಿಡುವುದು, ರೂಮ್‌ಮೇಟ್ ಅದಕ್ಕೆ ಎದುರು ಪಂಥ ಕಟ್ಟುವುದು. ಪಂಥ ಅಂದರೆ ಒಂದು ಪ್ಲೇಟ್ ಮಿರ್ಚಿ ಮಂಡಕ್ಕಿ.

ನನ್ನ ಊರು ರಾಣೆಬೆನ್ನೂರು ಕಡೆ. ಅಜ್ಜ ಪ್ರತಿ ವರ್ಷ ಭರತ ಹುಣ್ಣಿಮೆಗೆ ಮೈಲಾರಕ್ಕೆ ಗೊರವಯ್ಯ ನುಡಿಯುವ ಕಾರಣಿಕ ಕೇಳಲು ಹೋಗುತ್ತಿದ್ದರು. ಇದನ್ನು ಒಂದು ಸಲ ಹಾಸ್ಟೆಲ್ಲಿನಲ್ಲಿ ಹೇಳಿದ್ದೇ ತಪ್ಪಾಯಿತು, ಅವತ್ತಿನಿಂದ ನನ್ನ ಹೆಸರು ಗೊರವಪ್ಪ.

ಪಂಡೇರಿಯಾ ವಿಷಯಕ್ಕೆ ಬರುತ್ತೇನೆ. ಆ ಹೆಸರಿಗೆ, ಆಟ ಮಾಡುವ ಕಂಪನಿ ಬ್ಲಿಜರ್ಡ್ ಜುಲೈ ಕೊನೆಯಲ್ಲಿ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ್ದು ಹೊರಬಿದ್ದಿತ್ತು. ಟ್ರೇಡ್‌ಮಾರ್ಕ್ ಅಂದರೆ ಸಣ್ಣ ಸುಳಿವಲ್ಲ. 2009ರಲ್ಲಿ ಕ್ಯಾಟಕ್ಲಿಸಂ ಎಕ್ಸ್‌ಪ್ಯಾನ್ಶನ್ ಹೆಸರೂ ಘೋಷಣೆಗೆ ಮೊದಲು ಹೀಗೇ ಸಿಕ್ಕಿತ್ತು. ಅದು ಗೊತ್ತಿದ್ದೂ ನಾನು ಒಪ್ಪಲಿಲ್ಲ. ಪಾಂಡಾ ಕುಲ ಹುಟ್ಟಿದ್ದೇ ಏಪ್ರಿಲ್ ಫೂಲ್ ತಮಾಷೆಯಾಗಿ. 2003ರ ಫ್ರೋಜನ್ ಥ್ರೋನ್ ಆಟದಲ್ಲಿ ಚೆನ್ ಸ್ಟಾರ್ಮ್‌ಸ್ಟೌಟ್ ಅನ್ನುವ ಕುಡುಕ ಪಾಂಡಾ ಬಂದು ಹೋಗಿದ್ದ, ಅಷ್ಟೇ. ಅಂಥದ್ದನ್ನು ಇಟ್ಟುಕೊಂಡು ಎರಡು ವರ್ಷದ ಕತೆ ಕಟ್ಟುತ್ತಾರಾ? ರೂಮ್‌ಮೇಟ್‌ನದೂ ಅದೇ ಮಾತು: ‘ಅಲ್ಲಲೇ, ಕರಡಿ ಇಟ್ಕೊಂಡು ಯಾರಾದ್ರೂ ಗೇಮ್ ಮಾಡ್ತಾರೇನಲೇ?’ ಆದರೆ ನನ್ನ ಎದುರು ಪಂಥ ಕಟ್ಟಲೇಬೇಕಲ್ಲ, ಒಲ್ಲದ ಮನಸ್ಸಿನಿಂದ ‘ಎಕ್ಸ್‌ಪ್ಯಾನ್ಶನ್ನೇ’ ಅಂದ. ಅಕ್ಟೋಬರ್‌ನ ಬ್ಲಿಜ್‌ಕಾನ್‌ನಲ್ಲಿ, ಅಂದರೆ ಬ್ಲಿಜರ್ಡ್‌ನ ಜಾತ್ರೆಯಲ್ಲಿ, ಪಾಂಡಾಗಳೇ ಬಂದವು. ಅವನು ನನ್ನ ದುಡ್ಡಿನಲ್ಲಿ ಮಿರ್ಚಿ ತಿನ್ನುತ್ತ, ಅಂತೂ ಆಟ ಹಾಳಾಯಿತು ಅಂತ ಬೇಜಾರೂ ಮಾಡಿಕೊಂಡ.

ಆ ಸೋಲಿನ ಮೇಲೆ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿದೆ. ಎಡಕ್ಕೆ ‘ಸಿಕ್ಕಿದ್ದು’, ಬಲಕ್ಕೆ ‘ಬೇಕಾಗಿದ್ದು’. ಯಾವುದೇ ಊಹೆ ಬರೆಯುವ ಮೊದಲು ಅದು ಯಾವ ಕಾಲಂಗೆ ಸೇರುತ್ತದೆ ಅಂತ ನನ್ನನ್ನೇ ಕೇಳಿಕೊಳ್ಳಬೇಕು. ಕೇಳಲು ಸುಲಭ. ಬಲಗಡೆಯ ಕಾಲಂ ನನ್ನನ್ನು ಎಷ್ಟು ವರ್ಷ ಆಡಿಸಿತು ಅಂದರೆ, ರಾಣಿ ಅಜ್‌ಶಾರಾಳ ಎಕ್ಸ್‌ಪ್ಯಾನ್ಶನ್ ಬರುತ್ತದೆ ಅಂತ 2013ರಲ್ಲಿ ಬರೆದೆ, 2015ರಲ್ಲಿ ಬರೆದೆ, 2017ರಲ್ಲೂ ಬರೆದೆ. ಸಮುದ್ರದ ತಳದಲ್ಲಿ ನಾಗಾ ಅನ್ನುವ ಹಾವಿನ ಮೈಯವರ ರಾಜ್ಯ, ದಕ್ಷಿಣದ ದ್ವೀಪಗಳು, ಹಡಗುಗಳು. ಪುಟಗಟ್ಟಲೆ ನಕ್ಷೆ ಬರೆದಿದ್ದೆ. ಅವಳು ಬಂದಳು, 2019ರಲ್ಲಿ, ಬ್ಯಾಟಲ್ ಫಾರ್ ಆಜೆರಾತ್ ಎಕ್ಸ್‌ಪ್ಯಾನ್ಶನ್‌ನ ನಡುವೆ 8.2 ಅನ್ನುವ ಪ್ಯಾಚ್ ಆಗಿ, ಅಂದರೆ ಸಣ್ಣ ಅಪ್‌ಡೇಟ್ ಆಗಿ. ಒಂದು ನೆಲ, ಒಂದು ರೇಡ್ (ಗುಂಪು ಕಟ್ಟಿಕೊಂಡು ಬಾಸ್‌ಗಳನ್ನು ಹೊಡೆಯುವ ಜಾಗ), ಮುಗಿಯಿತು. ಆರು ತಿಂಗಳ ಮೇಲೆ ಪ್ರಾಚೀನ ದೈವ ನ್‌ಜಾತ್‌ನ ಕತೆಯೂ ಅಷ್ಟೇ, 8.3 ಪ್ಯಾಚ್‌ನಲ್ಲಿ ತೀರಿತು.

ಆಗ ಹೊಳೆದದ್ದು ಈ ಹುಚ್ಚಿನಲ್ಲಿ ನಾನು ಕಲಿತ ಒಂದೇ ಒಂದು ಕೆಲಸಕ್ಕೆ ಬರುವ ವಿಷಯ. ನಾವು ಆಟಗಾರರು ನಕ್ಷೆಯಲ್ಲಿ ಮುಚ್ಚಿರುವ ಪ್ರತಿ ಬಾಗಿಲನ್ನೂ ಒಂದು ಎಕ್ಸ್‌ಪ್ಯಾನ್ಶನ್ ಅಂದುಕೊಳ್ಳುತ್ತೇವೆ. ಮಾಡುವವರಿಗೆ ಹಾಗಲ್ಲ. ಅವರಿಗೆ ನಾಲ್ಕಾರು ಬೇರೆ ಬೇರೆ ಬಣ್ಣದ, ಬೇರೆ ಬೇರೆ ಹವೆಯ ನೆಲ ಬೇಕು, ಎರಡು ವರ್ಷ ಕೂರಲು ಒಂದು ಪಟ್ಟಣ ಬೇಕು, ಹೊಸಬನಿಗೂ ತಿಳಿಯುವ ಒಂದು ಸಾಲಿನ ಕತೆ ಬೇಕು. ‘ಸಮುದ್ರದ ತಳ’ ಅಂದರೆ ಎಲ್ಲ ಕಡೆಯೂ ಒಂದೇ ನೀಲಿ. ಎಮರಾಲ್ಡ್ ಡ್ರೀಮ್ ಅನ್ನುವ ಕನಸಿನ ಕಾಡು ಅಂದರೆ ಎಲ್ಲ ಕಡೆಯೂ ಒಂದೇ ಹಸಿರು. ಅದೂ ವರ್ಷಾನುಗಟ್ಟಲೆ ಎಲ್ಲರ ಪಟ್ಟಿಯಲ್ಲಿತ್ತು, 2023ರ ನವೆಂಬರ್‌ನಲ್ಲಿ 10.2 ಪ್ಯಾಚ್ ಆಗಿ ಬಂತು. ಗಾಬ್ಲಿನ್‌ಗಳ ರಾಜಧಾನಿ ಅಂಡರ್‌ಮೈನ್ 2025ರಲ್ಲಿ 11.1 ಪ್ಯಾಚ್‌ಗೆ ಸೇರಿತು. ಈಗ ಯಾರಾದರೂ ತಮ್ಮ ಊಹೆಯನ್ನು ನನಗೆ ಹೇಳಿದರೆ ಮೊದಲ ಪ್ರಶ್ನೆ ಇದು: ಇಲ್ಲಿ ಹಿಮ ಎಲ್ಲಿದೆ, ಕಾಡು ಎಲ್ಲಿದೆ, ಮರಳು ಎಲ್ಲಿದೆ? ಉತ್ತರ ಬರದಿದ್ದರೆ ಅದು ಪ್ಯಾಚು.

ಪಂಚಾಂಗದ ಲೆಕ್ಕದಲ್ಲೂ ಪೆಟ್ಟು ತಿಂದಿದ್ದೇನೆ. ಡೆತ್ ನೈಟ್ 2008, ಮಾಂಕ್ 2012, ಡೀಮನ್ ಹಂಟರ್ 2016. ನಾಲ್ಕು ವರ್ಷಕ್ಕೊಂದು ಹೊಸ ಕ್ಲಾಸ್, ಗಡಿಯಾರದ ಹಾಗೆ. 2020ಕ್ಕೆ ಯಂತ್ರ ಕಟ್ಟಿ ಹೋರಾಡುವ ಟಿಂಕರ್ ಖಂಡಿತ ಅಂತ ಕಣ್ಣುಮುಚ್ಚಿ ಬರೆದೆ. 2020ರ ಶಾಡೋಲ್ಯಾಂಡ್ಸ್‌ನಲ್ಲಿ ಹೊಸ ಕ್ಲಾಸೇ ಇರಲಿಲ್ಲ. 2022ರಲ್ಲಿ ಬಂದದ್ದು ಇವೋಕರ್. ಮೂರು ಸಲ ಆದದ್ದನ್ನು ನಿಯಮ ಅನ್ನಬಾರದು ಅನ್ನುವುದನ್ನು ಕಾಲೇಜಿನಲ್ಲೇ ಹೇಳಿಕೊಟ್ಟಿದ್ದರು, ನಾನು ಆ ಕ್ಲಾಸಿಗೂ ಹೋಗಿರಲಿಲ್ಲ.

ಘೋಷಣೆಯ ತಿಂಗಳೂ ಹೀಗೇ. 2005ರಿಂದ 2013ರವರೆಗೆ ಬೆಸ ವರ್ಷದ ಬ್ಲಿಜ್‌ಕಾನ್‌ನಲ್ಲೇ ಪ್ರತಿ ಎಕ್ಸ್‌ಪ್ಯಾನ್ಶನ್ ಘೋಷಣೆ. 2015ರಲ್ಲಿ ಮಾತ್ರ ಲೀಜನ್ ಎಕ್ಸ್‌ಪ್ಯಾನ್ಶನ್ ಅನ್ನು ಆಗಸ್ಟ್‌ನಲ್ಲೇ ಜರ್ಮನಿಯ ಗೇಮ್ಸ್‌ಕಾಮ್‌ನಲ್ಲಿ ಬಿಚ್ಚಿಬಿಟ್ಟರು. ಯಾಕೆ ಅಂತ ಯೋಚಿಸಿದಾಗ ಎಡಗಡೆ ಕಾಲಂಗೆ ಕತೆಯ ಸುಳಿವಿಗಿಂತ ಗಟ್ಟಿಯಾದ ಸರಕು ಸಿಕ್ಕಿತು. ಅದರ ಹಿಂದಿನ ಎಕ್ಸ್‌ಪ್ಯಾನ್ಶನ್ ಡ್ರೇನಾರ್ ಬಂದಾಗ ಒಂದು ಕೋಟಿ ಮುಟ್ಟಿದ್ದ ಚಂದಾದಾರರು 2015ರ ಜೂನ್ ಕೊನೆಗೆ 56 ಲಕ್ಷಕ್ಕೆ ಇಳಿದಿದ್ದರು. ಹಸಿದ ಅಂಗಡಿ ಬೇಗ ಬಾಗಿಲು ತೆರೆಯುತ್ತದೆ ಅಂತ ನನ್ನ ಅಂದಾಜು. ಆಮೇಲೆ ಕಂಪನಿ ಆ ಅಂಕಿ ಕೊಡುವುದನ್ನೇ ನಿಲ್ಲಿಸಿತು, ನನ್ನ ಹೊಟ್ಟೆಗೆ ಕಲ್ಲು ಬಿತ್ತು.

ಇರುವುದರಲ್ಲಿ ಕೈಹಿಡಿದ ಲೆಕ್ಕ ಅಂದರೆ ಕೊನೇ ರೇಡ್‌ನದ್ದು. ಪಂಡೇರಿಯಾ, ಡ್ರೇನಾರ್ ಎರಡರಲ್ಲೂ ಕೊನೇ ರೇಡ್ ಬಂದ ಮೇಲೆ ಹದಿನಾಲ್ಕು ತಿಂಗಳು ಬರಗಾಲ. ಅಲ್ಲಿಂದಾಚೆಗೆ ಅವರು ಪಾಠ ಕಲಿತರು. ಆಂಟೋರಸ್, ನಿಯಲೋಥಾ, ಸೆಪಲ್ಕರ್, ಅಮಿರ್‌ಡ್ರಾಸಿಲ್, ಈ ನಾಲ್ಕರಲ್ಲಿ ಯಾವುದನ್ನು ತೆಗೆದುಕೊಂಡರೂ ರೇಡ್‌ನಿಂದ ಮುಂದಿನ ಎಕ್ಸ್‌ಪ್ಯಾನ್ಶನ್‌ಗೆ ಎಂಟೂವರೆಯಿಂದ ಹತ್ತು ತಿಂಗಳು. ಇದನ್ನು ಹಿಡಿದು ದಿನಾಂಕದ ಪಂಥದಲ್ಲಿ ಎರಡು ಸಲ ಗೆದ್ದೆ.

ಇನ್ನು ಪಿಸುಮಾತುಗಳ ವಿಷಯ. 2016ರ ಎಮರಾಲ್ಡ್ ನೈಟ್‌ಮೇರ್ ರೇಡ್‌ನಲ್ಲಿ ಇಲ್‌ಗೈನೋತ್ ಅನ್ನುವ ಬಾಸ್ ಇದೆ, ದೊಡ್ಡ ಕಣ್ಣು. ಅದು ಜಗಳದ ನಡುವೆ ಒಂದೊಂದೇ ಸಾಲು ಒಗಟು ಪಿಸುಗುಟ್ಟುತ್ತದೆ: ವಜ್ರಗಳ ರಾಜ, ಒಡೆಯನ ಪಂಕ್ತಿಯಲ್ಲಿ ಸೇವೆ ಮಾಡುವ ಬಾಲರಾಜ, ಮೂರು ಸುಳ್ಳು, ಐದು ಕೀಲಿ. ಕೇಳಿದ ಕೂಡಲೇ ನನಗೆ ಅಜ್ಜನ ಮೈಲಾರ ನೆನಪಾಯಿತು. ಅಲ್ಲೂ ಗೊರವಯ್ಯ ಎತ್ತರದ ಬಿಲ್ಲು ಏರಿ ‘ಸದ್ದಲೇ’ ಅಂತ ಕೂಗಿದರೆ ಜನಸಾಗರ ಉಸಿರು ಬಿಗಿಹಿಡಿಯುತ್ತದೆ. ಒಂದೇ ಸಾಲು ಹೇಳಿ ಅವನು ಮೇಲಿಂದ ಕೆಳಗೆ ಬೀಳುತ್ತಾನೆ. ರೈತ ಅದರಲ್ಲಿ ಮಳೆ ಕಾಣುತ್ತಾನೆ, ರಾಜಕಾರಣಿ ಕುರ್ಚಿ ಕಾಣುತ್ತಾನೆ. ಅಜ್ಜ ಮಾತ್ರ ಮನೆಗೆ ಬಂದು ‘ಈಗ ಗೊತ್ತಾಗಲ್ಲಪ್ಪ, ಸುಗ್ಗಿ ಆದ್ಮೇಲೆ ಗೊತ್ತಾಗುತ್ತೆ’ ಅನ್ನುತ್ತಿದ್ದರು. ಬಾಲರಾಜ ಅಂದರೆ ಮನುಷ್ಯರ ಎಳೆಯ ರಾಜ ಆಂಡುಯಿನ್ ಅಂತ ನಮ್ಮ ಗಿಲ್ಡ್‌ನಲ್ಲಿ (ಆಟದ ತಂಡದಲ್ಲಿ) ಎಲ್ಲರೂ ಒಪ್ಪಿದ್ದೆವು, ಒಡೆಯ ಯಾರು ಅಂತ ತಿಂಗಳುಗಟ್ಟಲೆ ಕಿತ್ತಾಡಿದೆವು. ಶಾಡೋಲ್ಯಾಂಡ್ಸ್‌ನಲ್ಲಿ ಅಲ್ಲಿನ ಖಳ ಜೈಲರ್ ಆಂಡುಯಿನ್‌ನನ್ನು ಸೆರೆಹಿಡಿದು ತನ್ನ ಗೊಂಬೆ ಮಾಡಿಕೊಂಡಾಗ ‘ನೋಡಿ, ಕೂಡಿತು!’ ಅಂದೆವು. ಆ ಸಾಲಿಗೆ ಜೈಲರನನ್ನು ಕೂಡಿಸಿದ್ದೂ ನಾವೇ. 2016ರಲ್ಲಿ ಒಬ್ಬರೂ ಅವನ ಹೆಸರು ಹೇಳಿರಲಿಲ್ಲ.

ಒಂದು ತಪ್ಪೊಪ್ಪಿಗೆ ಇದೆ. 2017ರಲ್ಲಿ ನಾನೇ ಒಂದು ಸುಳ್ಳು ಲೀಕ್ ಬರೆದೆ. ಏಳು ನೆಲದ ಹೆಸರು, ಟಿಂಕರ್ ಕ್ಲಾಸ್, ಕೊನೇ ಬಾಸ್, ಎಲ್ಲ ಸೇರಿಸಿ ಗಿಲ್ಡ್‌ನ ಇಬ್ಬರಿಗೆ ಮಾತ್ರ ಕಳಿಸಿದೆ. ಹತ್ತು ದಿನ ಆದ ಮೇಲೆ ಬೇರೆ ಗಿಲ್ಡ್‌ನವನೊಬ್ಬ ಅದನ್ನೇ ನನಗೆ ತಂದು ಕೊಟ್ಟ, ‘ಒಳಗಿನವರಿಂದ ಬಂದಿದೆ, ಯಾರಿಗೂ ಹೇಳಬೇಡ’ ಅಂತ. ದಾರಿಯಲ್ಲಿ ಯಾರೋ ಎಂಟನೇ ನೆಲ ಸೇರಿಸಿದ್ದರು. ಹೇಳಬೇಕೆಂದರೆ ಅದು ನನ್ನ ಏಳಕ್ಕಿಂತ ಚೆನ್ನಾಗಿತ್ತು. ಅವತ್ತಿನಿಂದ, ತುಂಬಿದ ಊಟದೆಲೆಯ ಹಾಗೆ ಎಲ್ಲ ಬಡಿಸಿರುವ ಲೀಕ್ ನೋಡಿದರೆ ನಾನು ಓದುವುದೇ ಇಲ್ಲ. ನಿಜವಾದ ಲೀಕ್ ಒಣಕಲಾಗಿರುತ್ತದೆ: ಒಂದು ಟ್ರೇಡ್‌ಮಾರ್ಕ್, ವೆಬ್‌ಸೈಟಿನ ಕೋಡ್‌ನಲ್ಲಿ ಮರೆತುಹೋದ ಒಂದು ಹೆಸರು.

2023ರ ನವೆಂಬರ್ 3. ಬ್ಲಿಜ್‌ಕಾನ್ ಶುರುವಾದಾಗ ನಮ್ಮಲ್ಲಿ ರಾತ್ರಿ ಹನ್ನೊಂದೂವರೆ. ಮಗು ಏಳದಿರಲಿ ಅಂತ ಹೆಡ್‌ಫೋನ್ ಹಾಕಿಕೊಂಡು ಅಡುಗೆಮನೆಯಲ್ಲಿ ಕೂತಿದ್ದೆ. 2016ರಲ್ಲಿ ಕಂಪನಿ ಬಿಟ್ಟುಹೋಗಿದ್ದ, ವಾರ್‌ಕ್ರಾಫ್ಟ್‌ನ ಹಳೇ ಕತೆಗಾರ ಕ್ರಿಸ್ ಮೆಟ್ಜನ್ ಮತ್ತೆ ವೇದಿಕೆಗೆ ಬಂದು, ಒಂದಲ್ಲ, ಮೂರು ಎಕ್ಸ್‌ಪ್ಯಾನ್ಶನ್‌ಗಳ ಹೆಸರನ್ನು ಒಂದೇ ಉಸಿರಿಗೆ ಹೇಳಿಬಿಟ್ಟ: ದಿ ವಾರ್ ವಿದಿನ್, ಮಿಡ್‌ನೈಟ್, ದಿ ಲಾಸ್ಟ್ ಟೈಟನ್. ಎರಡನೆಯದು ಎಲ್ಫ್‌ಗಳ ನಾಡು ಕ್ವೆಲ್‌ಥಲಾಸ್‌ನಲ್ಲಿ, ಮೂರನೆಯದು ಹಳೇ ಹಿಮದ ಖಂಡ ನಾರ್ತ್‌ರೆಂಡ್‌ನಲ್ಲಿ ಅಂತಲೂ ಹೇಳಿದ. ಜನ ಕುಣಿಯುತ್ತಿದ್ದರು. ನನಗೆ ಮಾತ್ರ ನೋಟ್‌ಬುಕ್ಕನ್ನು ಯಾರೋ ಕಿತ್ತುಕೊಂಡ ಹಾಗಾಯಿತು. ಐದು ನಿಮಿಷಕ್ಕೆ ಫೋನ್. ಈಗ ಪುಣೆಯಲ್ಲಿರುವ ರೂಮ್‌ಮೇಟ್. ‘ಏನಲೇ ಗೊರವಪ್ಪ, ಬಿಲ್ಲೇ ಕಿತ್ಕೊಂಡ್ರಲ್ಲಲೇ, ಇನ್ನೆಲ್ಲಿ ಹತ್ತುತೀಯ?’

ವರ್ಷ ಪೂರ್ತಿ ಏನೂ ಬರೆಯಲಿಲ್ಲ. ಆಮೇಲೆ ಗೊತ್ತಾಯಿತು, ಹೆಸರು ಹೇಳಿದ್ದಾರೆಯೇ ಹೊರತು ಮಾಡುವ ರೀತಿ ಹೇಳಿಲ್ಲ. 2010ರ ಕ್ಯಾಟಕ್ಲಿಸಂ ಹಳೇ ಎರಡು ಖಂಡಗಳನ್ನು ಒಡೆದು ಕಟ್ಟಿತು, ನಾರ್ತ್‌ರೆಂಡ್ ಮುಟ್ಟಲಿಲ್ಲ. ಮಿಡ್‌ನೈಟ್‌ಗಾಗಿ ಎಲ್ಫ್‌ಗಳ ರಾಜಧಾನಿ, 2007ರ ಸಿಲ್ವರ್‌ಮೂನ್ ಅನ್ನು ಹೊಸದಾಗಿ ಕಟ್ಟುತ್ತೇವೆ ಅಂದಾಗ ನನ್ನ ಎಡಗಡೆ ಕಾಲಂಗೆ ಮತ್ತೆ ಜೀವ ಬಂತು. ಒಂದೇ ವ್ಯತ್ಯಾಸ ಅಂದರೆ, ಅವರ ಗಾಡಿಯ ವೇಗ ಹೆಚ್ಚಿದೆ. 2025ರ ಆಗಸ್ಟ್‌ನಲ್ಲಿ ಕೊನೇ ರೇಡ್, 2026ರ ಮಾರ್ಚ್‌ನಲ್ಲಿ ಮಿಡ್‌ನೈಟ್. ನನ್ನ ಎಂಟೂವರೆ ತಿಂಗಳ ಲೆಕ್ಕ ಏಳಕ್ಕೂ ಕೆಳಗೆ ಇಳಿದು ಆ ಪಂಥವನ್ನೂ ಸೋತೆ.

ಈಗಿನ ಪುಟದಲ್ಲಿ ಇರುವುದು ಇಷ್ಟು. ದಿ ಲಾಸ್ಟ್ ಟೈಟನ್: 2027ರ ದಸರಾ ಆಸುಪಾಸು, ಯಾಕೆಂದರೆ ವಾರ್ ವಿದಿನ್‌ನಿಂದ ಮಿಡ್‌ನೈಟ್‌ಗೆ ಹದಿನೆಂಟು ತಿಂಗಳು. ನಾರ್ತ್‌ರೆಂಡ್ ಪೂರ್ತಿ ಅಲ್ಲ, ಅರ್ಧ ಮಾತ್ರ ಹೊಸದಾಗಿ ಕಟ್ಟುತ್ತಾರೆ, ಉಳಿದದ್ದು ಪ್ಯಾಚ್‌ಗೆ. ಅಲ್ಲಿನ ಹಳೇ ರೇಡ್ ಉಲ್ಡುವಾರ್‌ನ ಹೊರಗಿನ ಬಾಗಿಲು ಹಾಗೇ ಇರುತ್ತದೆ, ಒಳಗೆ ಬೇರೆ. ಹೊಸ ಕ್ಲಾಸ್: ಟಿಂಕರ್. ಇದು ಯಾವ ಕಾಲಂ ಅಂತ ನನಗೂ ಗೊತ್ತು, ಅವನಿಗೂ ಗೊತ್ತು. ಪಂಥ ಈಗ ಎರಡು ಪ್ಲೇಟ್.